ಎತ್ತರ ಮಾಡಿದ ಗಾಡಿಯ ಹೌಸಿಂಗ್ ಆಯಿಲ್: ಬೆರಳು, ತಂತಿ, ಲೀಟರ್ – ಯಾವುದನ್ನು ನಂಬಬೇಕು?

ಹೌಸಿಂಗ್, ಅಂದರೆ ಎರಡು ಗಾಲಿಗಳ ನಡುವೆ ಎಕ್ಸೆಲ್ ಮೇಲಿರುವ ಗೇರು ಪೆಟ್ಟಿಗೆ. ಅದರ ಆಯಿಲ್ ನೋಡುವುದು ಗ್ಯಾರೇಜಿನ ಕೆಲಸಗಳಲ್ಲೇ ಸುಲಭದ್ದು ಅಂತ ಎಲ್ಲರೂ ತಿಳಿದಿದ್ದಾರೆ. ಗಾಡಿ ಕೆಳಗೆ ತೂರಬೇಕು, ಡಿಫರೆನ್ಷಿಯಲ್‌ನ (ಆ ಪೆಟ್ಟಿಗೆಯೊಳಗಿನ ಗೇರುಗಳ) ಫಿಲ್ಲರ್ ಪ್ಲಗ್, ಅಂದರೆ ಆಯಿಲ್ ಹಾಕುವ ತೂತಿನ ಬಿರಡೆ ಬಿಚ್ಚಬೇಕು, ಕಿರುಬೆರಳು ಒಳಗೆ ಹಾಕಬೇಕು. ಬೆರಳಿಗೆ ಆಯಿಲ್ ಹತ್ತಿದರೆ ಮಿಸ್ತ್ರಿ “ಬರೋಬ್ಬರಿ ಅದ ರೀ” ಅನ್ನುತ್ತಾರೆ, ಪ್ಲಗ್ ಬಿಗಿಯುತ್ತಾರೆ. ಕಂಪನಿಯಿಂದ ಬಂದ ಹಾಗೇ ಇರುವ ಗಾಡಿಗೆ ಇಷ್ಟು ಸಾಕು.

ಆದರೆ ಕಲಬುರಗಿ ಸುತ್ತಮುತ್ತ ಕಂಪನಿಯಿಂದ ಬಂದ ಹಾಗೇ ಉಳಿದ ಗಾಡಿ ಎಷ್ಟಿವೆ ಹೇಳಿ? ಶಹಾಬಾದ್ ಕಲ್ಲು ಹೇರುವ ಪಿಕಪ್‌ಗೆ ಎರಡು ಕಮಾನು ಪಟ್ಟಿ (ಸ್ಪ್ರಿಂಗ್ ಪಟ್ಟಿ) ಜಾಸ್ತಿ ಹಾಕಿರುತ್ತಾರೆ. ಗಂಜ್ ಮಾರುಕಟ್ಟೆಗೆ ತೊಗರಿ ತರುವ ಹಳೆಯ ಮಿನಿ ಲಾರಿಗೆ ಬೇರೆ ಗಾಡಿಯ ಹೌಸಿಂಗ್ ಕೂರಿಸಿರುತ್ತಾರೆ. ಎರೆ ಹೊಲದ ಕೆಸರಿಗೆ ಅಂತ ಫೋರ್ ಬೈ ಫೋರ್ ತಗೊಂಡವರು ಲಿಫ್ಟ್ ಕಿಟ್ ಹಾಕಿಸಿ, ದೊಡ್ಡ ಟೈರ್ ಏರಿಸಿರುತ್ತಾರೆ. ಇಂಥ ಗಾಡಿಯಲ್ಲಿ ಬೆರಳು ಹೇಳಿದ್ದು ನಿಜವೂ ಇರಬಹುದು, ಸುಳ್ಳೂ ಇರಬಹುದು. ಯಾಕೆಂದರೆ ಬೆರಳು ಹಾಕುವ ತೂತೇ ತನ್ನ ಜಾಗ ಬಿಟ್ಟು ಸರಿದಿರುತ್ತದೆ.

ನನ್ನ ಪಕ್ಷ ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ. ಬದಲಾವಣೆ ಮಾಡಿದ ಗಾಡಿಯಲ್ಲಿ ಒಂದು ಸಲವಾದರೂ ಆಯಿಲ್ ಪೂರ್ತಿ ಇಳಿಸಿ, ಲೀಟರ್ ಲೆಕ್ಕದಲ್ಲಿ ಅಳೆದು ಹಾಕಬೇಕು. ಆಮೇಲೆ ಆ ಮಟ್ಟವನ್ನು ಒಂದು ತಂತಿಗೆ ಗುರುತು ಮಾಡಿಕೊಂಡು, ಮುಂದೆಲ್ಲ ತಂತಿಯನ್ನೇ ಕೇಳಬೇಕು. ಎಲ್ಲರಿಗೂ ಇದೇ ಬೇಕು ಅಂತಿಲ್ಲ. ಯಾರಿಗೆ ಬೆರಳೇ ಸಾಕು, ಯಾರಿಗೆ ಸಾಲದು ಅನ್ನುವುದನ್ನೇ ಇಲ್ಲಿ ನೋಡೋಣ.

ತೂತು ಯಾಕೆ ಸುಳ್ಳು ಹೇಳುತ್ತದೆ

ಸಾಮಾನ್ಯ ಹೌಸಿಂಗ್ ಒಳಗೆ ಆಯಿಲ್ ಪಂಪ್ ಇರುವುದಿಲ್ಲ. ಕ್ರೌನ್ ಗೇರಿನ (ಒಳಗಿನ ದೊಡ್ಡ ಹಲ್ಲುಚಕ್ರದ) ಕೆಳಭಾಗ ಆಯಿಲ್‌ನಲ್ಲಿ ಮುಳುಗಿರುತ್ತದೆ. ಗಾಡಿ ಓಡುವಾಗ ಅದು ಆಯಿಲ್ ಎತ್ತಿ ಎರಚುತ್ತದೆ. ಆ ಎರಚಲೇ ಮುಂದಿನ ಪಿನಿಯನ್ (ಕ್ರೌನನ್ನು ತಿರುಗಿಸುವ ಸಣ್ಣ ಗೇರು) ಬೇರಿಂಗ್‌ಗೂ, ಪಕ್ಕದ ಬೇರಿಂಗ್‌ಗಳಿಗೂ ಹೋಗಿ ಮುಟ್ಟಬೇಕು. ಕಂಪನಿಯವರು ಫಿಲ್ಲರ್ ತೂತಿನ ಜಾಗ ಗೊತ್ತು ಮಾಡುವಾಗ ಎರಡು ಮಾತು ಹಿಡಿದುಕೊಂಡಿರುತ್ತಾರೆ. ಗಾಡಿ ಸಮ ನೆಲದ ಮೇಲೆ ನಿಂತಿರಬೇಕು. ಹೌಸಿಂಗ್ ಅವರು ಇಟ್ಟ ಕೋನದಲ್ಲೇ ಇರಬೇಕು. ಈ ಎರಡೂ ಸರಿ ಇದ್ದರೆ, ಆಯಿಲ್ ತೂತಿನ ಕೆಳ ಅಂಚಿಗೆ ಬಂದಾಗ ಅಳತೆ ಸರಿ.

ಗಾಡಿ ಎತ್ತರ ಮಾಡಿದಾಗ ಗೇರ್‌ಬಾಕ್ಸಿನಿಂದ ಹೌಸಿಂಗಿಗೆ ಬರುವ ಪ್ರೊಪೆಲ್ಲರ್ ಶಾಫ್ಟ್ ಕಡಿದಾಗಿ ಇಳಿಯುತ್ತದೆ, ಅದರ ತುದಿಯ ಯೂನಿವರ್ಸಲ್ ಜಾಯಿಂಟ್ ಸದ್ದು ಮಾಡುತ್ತದೆ, ನಡುಕ ಬರುತ್ತದೆ. ಅದಕ್ಕೆ ಮಿಸ್ತ್ರಿಗಳು ಕಮಾನು ಮತ್ತು ಹೌಸಿಂಗ್ ನಡುವೆ ಓರೆಯಾಗಿ ಕತ್ತರಿಸಿದ ಟೇಪರ್ ಪ್ಲೇಟ್ ಹಾಕಿ, ಪಿನಿಯನ್ ಮೂತಿಯನ್ನು ಮೇಲಕ್ಕೆ ತಿರುಗಿಸುತ್ತಾರೆ. ನಡುಕ ನಿಲ್ಲುತ್ತದೆ. ಆದರೆ ಪಿನಿಯನ್ ಮೇಲೆ ಹೋದರೆ ಹೌಸಿಂಗ್‌ನ ಹಿಂಭಾಗ ಕೆಳಗೆ ಬರಲೇಬೇಕಲ್ಲ.

ಒಂದು ಲೆಕ್ಕ ಹಾಕೋಣ. ಫಿಲ್ಲರ್ ತೂತು ಹಿಂದಿನ ಕವರ್ ಮೇಲೆ, ಎಕ್ಸೆಲ್ ನಡುಗೆರೆಯಿಂದ 12 ಸೆಂಟಿಮೀಟರ್ ಹಿಂದೆ ಇದೆ ಅಂದುಕೊಳ್ಳಿ. ಹೌಸಿಂಗ್ ಒಂದು ಡಿಗ್ರಿ ತಿರುಗಿದರೆ ತೂತು ಸುಮಾರು 2 ಮಿಲಿಮೀಟರ್ ಇಳಿಯುತ್ತದೆ. 6 ಡಿಗ್ರಿ ತಿರುಗಿದರೆ ಒಂದೂಕಾಲು ಸೆಂಟಿಮೀಟರ್. ಅದೇ ಹೊತ್ತಿಗೆ ಮುಂದೆ 25 ಸೆಂಟಿಮೀಟರ್ ದೂರದಲ್ಲಿರುವ ಪಿನಿಯನ್ ಬೇರಿಂಗ್ ಎರಡೂವರೆ ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಮೇಲೆ ಹೋಗಿರುತ್ತದೆ. ಎರಡೂ ಸೇರಿದರೆ ತೂತಿಗೂ ಬೇರಿಂಗ್‌ಗೂ ನಡುವಿನ ಎತ್ತರದ ಲೆಕ್ಕ 4 ಸೆಂಟಿಮೀಟರ್‌ನಷ್ಟು ಕೆಟ್ಟಿತು. ಈಗ ನೀವು ತೂತಿನ ಅಂಚಿನವರೆಗೆ ಆಯಿಲ್ ತುಂಬಿಸಿ ‘ಫುಲ್’ ಅನ್ನುತ್ತೀರಿ. ಕ್ರೌನ್‌ಗೆ ಸಿಗುತ್ತದೆ. ಪಿನಿಯನ್ ಬೇರಿಂಗ್‌ಗೆ ಸಿಗುವುದು ಅನುಮಾನ. ಹುಮನಾಬಾದ್ ಕಡೆ ಭರ್ತಿ ಲೋಡಿನಲ್ಲಿ ಹೋಗುವಾಗ ಹಿಂದಿನಿಂದ ‘ಗುಂಯ್’ ಅಂತ ಕೊರೆಯುವ ಸದ್ದು ಬಂದರೆ, ಮೊದಲು ಅನುಮಾನ ಪಡಬೇಕಾದ ಜಾಗಗಳಲ್ಲಿ ಅದೂ ಒಂದು.

ತೂತು ಹೌಸಿಂಗ್‌ನ ಮುಂಭಾಗದಲ್ಲಿದ್ದರೆ ಕತೆ ಉಲ್ಟಾ. ಪಿನಿಯನ್ ಎತ್ತಿದಾಗ ತೂತೂ ಮೇಲೆ ಹೋಗುತ್ತದೆ, ಅಂಚಿನವರೆಗೆ ತುಂಬಿದರೆ ಆಯಿಲ್ ಜಾಸ್ತಿ ಆಗುತ್ತದೆ. ಜಾಸ್ತಿ ಆದರೆ ಒಳ್ಳೆಯದೇ ಅಲ್ವಾ ಅಂತ ಕೇಳುವವರಿದ್ದಾರೆ. ಅಲ್ಲ. ಗೇರು ಅದನ್ನು ಕಡೆದು ನೊರೆ ಮಾಡುತ್ತದೆ, ಬಿಸಿ ಏರುತ್ತದೆ, ಸೀಲ್ ದಾಟಿ ಆಯಿಲ್ ಬ್ರೇಕ್ ಶೂ ಮೇಲೆ ಬರುತ್ತದೆ. ಬ್ರೇಕ್ ಲೈನರ್‌ಗೆ ಗೇರ್ ಆಯಿಲ್ ಹತ್ತಿದರೆ ಏನಾಗುತ್ತದೆ ಅಂತ ಡ್ರೈವರಣ್ಣಂದಿರಿಗೆ ಬಿಡಿಸಿ ಹೇಳಬೇಕಿಲ್ಲ.

ಎಲ್ಲ ಬದಲಾವಣೆಯೂ ಇಷ್ಟು ಕೆಡಿಸುವುದಿಲ್ಲ. ಬರೀ ಪಟ್ಟಿ ಜಾಸ್ತಿ ಹಾಕಿ ಹಿಂಭಾಗ 10 ಸೆಂಟಿಮೀಟರ್ ಎದ್ದಿದೆ, ಟೇಪರ್ ಪ್ಲೇಟ್ ಇಲ್ಲ, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ 3 ಮೀಟರ್ ಅಂತರ ಅಂದರೆ, ಇಡೀ ಗಾಡಿ ಮುಂದಕ್ಕೆ ಬಾಗುವುದು 2 ಡಿಗ್ರಿಗೂ ಕಡಿಮೆ. ತೂತು ಸರಿಯುವುದು 4 ಮಿಲಿಮೀಟರ್ ಒಳಗೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ದೊಡ್ಡ ಟೈರ್ ನಾಲ್ಕೂ ಗಾಲಿಗೆ ಒಂದೇ ಸೈಜು ಹಾಕಿದ್ದರೆ ಕೋನ ಬದಲಾಗುವುದೇ ಇಲ್ಲ. ಆದರೆ ಕ್ರೌನ್ ಪಿನಿಯನ್ ಮೇಲೆ ಭಾರ ಜಾಸ್ತಿ ಬೀಳುತ್ತದೆ, ಆದ್ದರಿಂದ ಆಯಿಲ್ ಬೇಗ ಬದಲಿಸಬೇಕು. ಕಾಯಿಲ್ ಸ್ಪ್ರಿಂಗ್ ಇರುವ ಗಾಡಿಗಳಲ್ಲಿ ಹೌಸಿಂಗ್ ಹಿಡಿದಿರುವ ಆರ್ಮ್‌ಗಳ ಉದ್ದ ಬದಲಿಸದೆ ಎತ್ತರ ಮಾಡಿದರೆ, ಆ ಆರ್ಮ್‌ಗಳೇ ಹೌಸಿಂಗನ್ನು ಸ್ವಲ್ಪ ತಿರುಗಿಸುತ್ತವೆ. ಎಷ್ಟು ಅಂತ ಅಳೆದೇ ನೋಡಬೇಕು. ಅದಕ್ಕೆ ದೊಡ್ಡ ಸಾಮಾನೇನೂ ಬೇಡ. ಮೊಬೈಲ್‌ನಲ್ಲಿ ಕೋನ ತೋರಿಸುವ ಆ್ಯಪ್ ಇದೆ. ಪಿನಿಯನ್ ಫ್ಲೇಂಜ್‌ನ ಮುಖಕ್ಕೆ ಮೊಬೈಲಿನ ಅಂಚು ಒತ್ತಿ ಹಿಡಿದರೆ ಡಿಗ್ರಿ ಗೊತ್ತಾಗುತ್ತದೆ. ಅದೇ ಮಾಡೆಲ್‌ನ ಬದಲಾಯಿಸದ ಗಾಡಿ ಪಕ್ಕದಲ್ಲಿ ಸಿಕ್ಕರೆ ಅದರ ಕೋನವನ್ನೂ ನೋಡಿ ಬರೆದುಕೊಳ್ಳಿ. ಎರಡರ ವ್ಯತ್ಯಾಸವೇ ನಿಮಗೆ ಬೇಕಾದ ಅಂಕಿ.

ಮೊದಲು ನೆಲ

ಯಾವ ದಾರಿ ಹಿಡಿದರೂ ನೆಲ ಸಮ ಇರಬೇಕು. ನಮ್ಮಲ್ಲಿ ಶಹಾಬಾದ್ ಕಲ್ಲು ಹಾಸಿದ ಅಂಗಳ ಕಣ್ಣಿಗೆ ಸಮ ಕಾಣುತ್ತದೆ. ಆದರೆ ನೀರು ಹರಿಯಲಿ ಅಂತ ಗೌಂಡಿ ಒಂದು ಕಡೆ ಇಳಿಜಾರು ಕೊಟ್ಟಿರುತ್ತಾನೆ. ಪೆಟ್ರೋಲ್ ಬಂಕ್‌ನ ಕಾಂಕ್ರೀಟೂ ಅಷ್ಟೇ. ಗೌಂಡಿಯ ರಸಮಟ್ಟ ತಂದು ಚಾಸಿ ಮೇಲಲ್ಲ, ನೆಲದ ಮೇಲೆ ಇಟ್ಟು ನೋಡಿ. ಉದ್ದಕ್ಕೂ ನೋಡಿ, ಅಡ್ಡಕ್ಕೂ ನೋಡಿ. ಅಡ್ಡಕ್ಕೆ ಓರೆ ಇದ್ದರೆ ಆಯಿಲ್ ಒಂದು ಕಡೆಯ ಎಕ್ಸೆಲ್ ಟ್ಯೂಬ್‌ಗೆ ಹೋಗಿ ನಿಲ್ಲುತ್ತದೆ, ನಡುವಿನ ಮಟ್ಟ ಕಡಿಮೆ ತೋರಿಸುತ್ತದೆ.

ಒಂದು ಕಡೆ ಮಾತ್ರ ಜಾಕ್ ಕೊಟ್ಟು ಆಯಿಲ್ ನೋಡುವ ಅಭ್ಯಾಸ ಬಿಟ್ಟುಬಿಡಿ. ಅದರಿಂದ ಬರುವ ಅಳತೆಗೆ ಅರ್ಥವಿಲ್ಲ. ಇನ್ನೊಂದು ಮಾತು, ಜಾಕ್ ಕೆಳಗೆ ಶಹಾಬಾದ್ ಕಲ್ಲಿನ ಹಾಸು ಇಡಬೇಡಿ. ಎಷ್ಟು ದಪ್ಪ ಇದ್ದರೂ ಒಂದೇ ಜಾಗಕ್ಕೆ ಭಾರ ಬಿದ್ದರೆ ಒಡೆಯುವ ಕಲ್ಲು ಅದು. ಗಟ್ಟಿ ಮರದ ದಿಮ್ಮಿ ಇಡಿ, ಗಾಲಿ ಉರುಳದಂತೆ ಓಟ್ (ಅಡ್ಡ ತುಂಡು) ಕೊಡಿ, ಸ್ಟ್ಯಾಂಡ್ ಇಲ್ಲದೆ ಕೆಳಗೆ ಹೋಗಬೇಡಿ.

ಗಾಡಿ ಈಗಷ್ಟೇ ಓಡಿ ಬಂದಿದ್ದರೆ ಆಯಿಲ್ ಇನ್ನೂ ಗೇರುಗಳ ಮೇಲೆ, ಟ್ಯೂಬ್‌ಗಳ ಒಳಗೆ ಇರುತ್ತದೆ. ಇಪ್ಪತ್ತು ನಿಮಿಷವಾದರೂ ಬಿಡಿ. ಬಿಸಿಗೆ ಆಯಿಲ್ ಹಿಗ್ಗುವುದೂ ಉಂಟು. 2 ಲೀಟರ್ ಆಯಿಲ್ 60 ಡಿಗ್ರಿ ಬಿಸಿ ಏರಿದರೆ 80 ಎಂಎಲ್ ಹತ್ತಿರ ಹಿಗ್ಗುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿನಲ್ಲಿ ಸೇಡಂನಿಂದ ಸಿಮೆಂಟ್ ಹೇರಿಕೊಂಡು ಬಂದ ಗಾಡಿಯ ಮಟ್ಟಕ್ಕೂ, ಬೆಳಗಿನ ಆರು ಗಂಟೆಯ ಮಟ್ಟಕ್ಕೂ ವ್ಯತ್ಯಾಸ ಇರುವುದು ಸಹಜ. ಬೆಳಗ್ಗೆ ನೋಡುವುದಾದರೆ ಯಾವಾಗಲೂ ಬೆಳಗ್ಗೆಯೇ ನೋಡಿ, ಗಾಡಿಯೂ ಪ್ರತಿ ಸಲ ಖಾಲಿಯೇ ಇರಲಿ.

ಬೆರಳು

ಖರ್ಚಿಲ್ಲ, ಸಾಮಾನು ಬೇಡ, ಎರಡು ನಿಮಿಷದ ಕೆಲಸ. ಬೆರಳಿಗೆ ಇನ್ನೊಂದು ಉಪಯೋಗವೂ ಇದೆ. ಅದು ಮಟ್ಟದ ಜೊತೆಗೆ ಆಯಿಲ್ ಹೇಗಿದೆ ಅನ್ನುವುದನ್ನೂ ಹೇಳುತ್ತದೆ. ಬೆರಳುಗಳ ನಡುವೆ ಉಜ್ಜಿದಾಗ ಮರಳಿನಂತೆ ಕರಕರ ಅಂದರೆ ಒಳಗೆ ಲೋಹ ಸವೆಯುತ್ತಿದೆ. ಸುಟ್ಟ ವಾಸನೆ ಬಂದರೆ ಆಯಿಲ್ ತುಂಬ ಬಿಸಿ ತಿಂದಿದೆ. ಗೇರ್ ಆಯಿಲ್‌ಗೆ ಮೊದಲೇ ಒಂದು ಗಂಧಕದ ಘಾಟು ಇರುತ್ತದೆ, ಅದನ್ನು ಸುಟ್ಟ ವಾಸನೆ ಅಂತ ತಿಳಿಯಬಾರದು. ಬಣ್ಣ ಹಾಲು ಹಾಕಿದ ಚಹಾದ ಹಾಗಿದ್ದರೆ ನೀರು ಸೇರಿದೆ.

ಮಟ್ಟದ ವಿಷಯಕ್ಕೆ ಬಂದರೆ ಬೆರಳು ದಡ್ಡ. ಅಂಚಿಗೆ ಇದೆಯೋ ಇಲ್ಲವೋ ಅನ್ನುವುದನ್ನು ಮಾತ್ರ ಹೇಳಬಲ್ಲದು. ಬೆರಳು ಬಾಗಿಸಿ ಮುಟ್ಟಿದರೆ ಆಯಿಲ್ ಇದೆ, ಆದರೆ ಎಷ್ಟು ಕೆಳಗಿದೆ? ಒಬ್ಬರ ಗೆಣ್ಣು ಇನ್ನೊಬ್ಬರ ಗೆಣ್ಣಿನ ಹಾಗಿರುವುದಿಲ್ಲ. ಟೇಪರ್ ಪ್ಲೇಟ್ ಹಾಕಿದ ಗಾಡಿಯಲ್ಲಿ ಇದನ್ನು ಮಾತ್ರ ನಂಬಿ ಕೂರಬೇಡಿ. ಬರೀ ಪಟ್ಟಿ ಏರಿಸಿದ ಗಾಡಿಗೆ, ಮಧ್ಯೆ ಮಧ್ಯೆ ನೋಡಲು, ಧಾರಾಳವಾಗಿ ಸಾಕು.

ತುಂಬಿ ಸುರಿಯುವವರೆಗೆ ಹಾಕುವುದು

ಪಂಪ್ ಹಚ್ಚಿ ಆಯಿಲ್ ಹಾಕುತ್ತಾ ಹೋಗಿ, ತೂತಿನಿಂದ ಹೊರಗೆ ಸುರಿಯಲು ಶುರುವಾದಾಗ ನಿಲ್ಲಿಸಿ, ಹನಿ ನಿಂತ ಮೇಲೆ ಪ್ಲಗ್ ಹಾಕುವುದು ಗ್ಯಾರೇಜುಗಳಲ್ಲಿ ಜಾಸ್ತಿ ನಡೆಯುವ ಪದ್ಧತಿ. ಕಂಪನಿ ಗಾಡಿಗೆ ಸರಿ. ಬದಲಾಯಿಸಿದ ಗಾಡಿಯಲ್ಲಿ ಬೆರಳಿಗೆ ಇರುವ ದೋಷವೇ ಇದಕ್ಕೂ ಇದೆ, ಮೇಲಿಂದ ಆಯಿಲ್ ದಂಡ. ಗಟ್ಟಿ ಆಯಿಲ್ ಬೇಗ ಬೇಗ ಒತ್ತಿದರೆ ಟ್ಯೂಬ್‌ಗಳಿಗೆ ಹರಿದು ಹೋಗುವ ಮೊದಲೇ ತೂತಿಗೆ ಬಂದು ಸುರಿಯುತ್ತದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಮಟ್ಟ ಇಳಿದಿರುತ್ತದೆ. ಕೆಲಸ ಬೇಗ ಮುಗಿಸಬೇಕೆನ್ನುವ ಹುಡುಗ ಅಷ್ಟು ಹೊತ್ತು ಕಾಯುವುದಿಲ್ಲ. ನೀವೇ ಪಕ್ಕದಲ್ಲಿ ನಿಂತು “ಸ್ವಲ್ಪ ತಡೀಪಾ” ಅನ್ನಬೇಕು.

ಇಳಿಸಿ, ಅಳೆದು, ಹಾಕುವುದು

ನನಗೆ ಎಲ್ಲಕ್ಕಿಂತ ಹಿಡಿಸಿದ ದಾರಿ ಇದೇ. ಹೌಸಿಂಗ್ ಎಷ್ಟೇ ತಿರುಗಿದ್ದರೂ ಅದರ ಹೊಟ್ಟೆ ದೊಡ್ಡದಾಗಿಲ್ಲ, ಚಿಕ್ಕದಾಗಿಲ್ಲ. ಹಾಗಾಗಿ ಕಂಪನಿ ಪುಸ್ತಕದಲ್ಲಿ ಬರೆದ ಲೀಟರ್ ಇವತ್ತಿಗೂ ನಿಜ. ಸುಳ್ಳಾಗಿರುವುದು ತೂತು ಮಾತ್ರ. ಪಿಕಪ್‌ಗಳಿಗೆ ಸಾಮಾನ್ಯವಾಗಿ ಒಂದೂವರೆಯಿಂದ ಮೂರು ಲೀಟರ್ ಹಿಡಿಯುತ್ತದೆ, ದೊಡ್ಡ ಲಾರಿಗೆ ಹತ್ತು ಲೀಟರ್ ದಾಟುವುದೂ ಉಂಟು. ನಿಮ್ಮ ಮಾಡೆಲ್‌ನ ಅಂಕಿಯನ್ನು ಪುಸ್ತಕದಲ್ಲೇ ನೋಡಿ, ಬಾಯಿ ಮಾತಿನ ಲೆಕ್ಕ ಹಿಡಿಯಬೇಡಿ.

ಕೆಲಸ ಶುರು ಮಾಡುವಾಗ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ. ಕೆಳಗಿನ ಡ್ರೈನ್ ಪ್ಲಗ್‌ಗೆ ಆಮೇಲೆ ಪಾನಾ ಹಚ್ಚಿ. ಇದು ಸಣ್ಣ ಮಾತಲ್ಲ. ಆಯಿಲ್ ಎಲ್ಲ ಇಳಿಸಿದ ಮೇಲೆ ಫಿಲ್ಲರ್ ತುಕ್ಕು ಹಿಡಿದು ಬಿಚ್ಚುತ್ತಿಲ್ಲ ಅಂತ ಗೊತ್ತಾದರೆ, ಗಾಡಿ ನಿಂತಲ್ಲೇ ನಿಂತಿತು. ಪ್ಲಗ್ ಸುತ್ತಲಿನ ಕೆಸರನ್ನು ತಂತಿ ಬ್ರಷ್‌ನಿಂದ ಮೊದಲೇ ಕೆರೆದಿರಬೇಕು. ಎರೆ ಮಣ್ಣು ಒಣಗಿದರೆ ಕಲ್ಲು, ಅದು ಒಳಗೆ ಬಿದ್ದರೆ ಬೇರಿಂಗ್‌ಗೆ ಕಂಟಕ.

ಗಾಡಿ ಸ್ವಲ್ಪ ಬೆಚ್ಚಗಿದ್ದಾಗ ಆಯಿಲ್ ಚೆನ್ನಾಗಿ ಇಳಿಯುತ್ತದೆ. ಅರ್ಧ ಗಂಟೆ ತೊಟ್ಟಿಕ್ಕಲು ಬಿಡಿ. ಇಳಿದ ಆಯಿಲನ್ನೂ ಅಳೆಯಿರಿ. ಇದನ್ನು ಯಾರೂ ಮಾಡುವುದಿಲ್ಲ, ಆದರೆ ಇಷ್ಟು ದಿನ ಗಾಡಿ ಎಷ್ಟರಲ್ಲಿ ಓಡುತ್ತಿತ್ತು ಅಂತ ತಿಳಿಯುವುದು ಇಲ್ಲಿಯೇ. ಟೇಪರ್ ಪ್ಲೇಟ್ ಕೂತ ಗಾಡಿಯಿಂದ ಪುಸ್ತಕದ ಲೆಕ್ಕಕ್ಕಿಂತ ಕಡಿಮೆ ಇಳಿದು, ಎಲ್ಲೂ ಲೀಕ್ ಕಾಣದಿದ್ದರೆ, ತೂತಿನ ಮಟ್ಟವೇ ತಪ್ಪಿತ್ತು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಡ್ರೈನ್ ಪ್ಲಗ್‌ಗೆ ಅಯಸ್ಕಾಂತ ಇದ್ದರೆ ಅದನ್ನು ನೋಡಿ. ಬೂದು ಬಣ್ಣದ ನುಣ್ಣನೆ ಮುದ್ದೆ ಸಹಜ. ಚೂರು, ಚಕ್ಕೆ, ಹಲ್ಲಿನ ತುಣುಕು ಸಿಕ್ಕರೆ ಮಟ್ಟದ ಮಾತು ಬಿಡಿ, ಹೌಸಿಂಗ್ ಬಿಚ್ಚಿಸಿ.

ಈಗ ಪುಸ್ತಕದ ಲೆಕ್ಕದಷ್ಟು ಹಾಕಬೇಕು. ತೂತು ಕೆಳಗೆ ಸರಿದಿದ್ದರೆ ಅಷ್ಟು ಹಾಕುವ ಮೊದಲೇ ಹೊರಗೆ ಸುರಿಯುತ್ತದೆ. ತೊಡಕು ಇಲ್ಲಿದೆ. ಆಗ ಹಿಂದಿನ ಎರಡೂ ಗಾಲಿಗಳನ್ನು ದಿಮ್ಮಿಗಳ ಮೇಲೆ ಏರಿಸಿ, ಹೌಸಿಂಗ್ ಮತ್ತೆ ಹಳೆಯ ಕೋನಕ್ಕೆ ಬರುವ ಹಾಗೆ ಗಾಡಿಯನ್ನೇ ಮುಂದಕ್ಕೆ ಬಾಗಿಸಬೇಕು. 3 ಮೀಟರ್ ಅಂತರದ ಗಾಡಿಗೆ 2 ಡಿಗ್ರಿ ಅಂದರೆ ಹತ್ತೂವರೆ ಸೆಂಟಿಮೀಟರ್ ಎತ್ತಬೇಕು, ಅದು ಸುಲಭ. 6 ಡಿಗ್ರಿಗೆ 31 ಸೆಂಟಿಮೀಟರ್ ಬೇಕು. ಅಷ್ಟು ಎತ್ತರಕ್ಕೆ ಮನೆ ಅಂಗಳದಲ್ಲಿ ಕೈ ಹಾಕಬೇಡಿ, ರ‍್ಯಾಂಪ್ ಇರುವ ಗ್ಯಾರೇಜಿಗೆ ಹೋಗಿ. ಇನ್ನೊಂದು ಉಪಾಯ, ಬ್ರೀದರ್ (ಹೌಸಿಂಗ್ ಮೇಲಿನ ಗಾಳಿ ಕಿಂಡಿ) ಬಿಚ್ಚಿ ಉಳಿದ ಆಯಿಲನ್ನು ಅದರ ತೂತಿನಿಂದ ಪಿಚಕಾರಿಯಲ್ಲಿ ಹಾಕುವುದು. ನಿಧಾನದ ಕೆಲಸ, ಆದರೆ ಗಾಡಿ ಎತ್ತುವ ಅಪಾಯ ಇಲ್ಲ. ಹೀಗೆ ಹಾಕುವಾಗ ಫಿಲ್ಲರ್ ಪ್ಲಗ್ ಮುಚ್ಚಿರಬೇಕು.

ಪಿನಿಯನ್ 6 ಡಿಗ್ರಿಗಿಂತ ಜಾಸ್ತಿ ಎದ್ದಿದ್ದರೆ ಪುಸ್ತಕದ ಲೀಟರ್ ಕೂಡ ಸಾಲದೆ ಹೋಗಬಹುದು, ಯಾಕೆಂದರೆ ಬೇರಿಂಗ್ ತಾನೇ ಮೇಲೆ ಹೋಗಿದೆ. ಆಗ ಎಷ್ಟು ಜಾಸ್ತಿ ಹಾಕಬೇಕು ಅನ್ನುವುದನ್ನು ಲಿಫ್ಟ್ ಕಿಟ್ ಮಾಡಿದವರನ್ನೇ ಕೇಳಬೇಕು. ನನ್ನನ್ನು ಕೇಳಿದರೆ, ಅಷ್ಟು ತಿರುಗಿಸುವ ಟೇಪರ್ ಪ್ಲೇಟನ್ನೇ ಬೇಡ ಅನ್ನುತ್ತೇನೆ.

ಹೊರಗಿನಿಂದ ತಂದ ದೊಡ್ಡ ಕವರ್ ಹಾಕಿಸಿದ್ದರೆ ಮಾತ್ರ ಈ ಲೀಟರ್ ಲೆಕ್ಕ ಕೈ ಕೊಡುತ್ತದೆ. ಹೊಟ್ಟೆ ದೊಡ್ಡದಾಗಿದೆ, ಹಳೆಯ ಲೀಟರ್ ಹಾಕಿದರೆ ಮಟ್ಟ ಕೆಳಗೆ ಕೂರುತ್ತದೆ. ಅಲ್ಲಿ ಕವರ್ ಜೊತೆ ಬಂದ ಚೀಟಿಯೇ ಪ್ರಮಾಣ.

ತಂತಿ

ಅಳೆದು ಹಾಕಿದ ದಿನವೇ ತಂತಿ ತಯಾರಿಸಿ. ಸೈಕಲ್ ಕಡ್ಡಿ ಒಳ್ಳೆಯದು. ನೆಟ್ಟಗಿರುತ್ತದೆ, ತುಕ್ಕು ಬೇಗ ಹಿಡಿಯುವುದಿಲ್ಲ. ವೆಲ್ಡಿಂಗ್ ರಾಡ್ ಬೇಡ, ಅದರ ಮೇಲಿನ ಲೇಪ ಉದುರಿ ಒಳಗೆ ಬೀಳುತ್ತದೆ. ಬಿಳಿ ಕೇಬಲ್ ಟೈ ಕೂಡ ನಡೆಯುತ್ತದೆ, ಅದರ ಮೇಲೆ ಆಯಿಲ್ ಗೆರೆ ಚೆನ್ನಾಗಿ ಕಾಣುತ್ತದೆ. ಆದರೆ ಬೇಸಿಗೆಯಲ್ಲಿ ಮೆತ್ತಗಾಗಿ ಬಾಗುತ್ತದೆ.

ಕಡ್ಡಿಯನ್ನು ಕಾಟಕೋನಕ್ಕೆ (90 ಡಿಗ್ರಿಗೆ) ಬಗ್ಗಿಸಿ. ಅಡ್ಡ ಭಾಗ ತೂತಿನ ಕೆಳ ಅಂಚಿನ ಮೇಲೆ ಕೂರಬೇಕು, ಗಿಡ್ಡ ಭಾಗ ಒಳಗೆ ನೇರ ಕೆಳಗೆ ಇಳಿಯಬೇಕು. ಹೊರಗಿನ ತುದಿಯನ್ನು ತೂತಿಗಿಂತ ದೊಡ್ಡ ಬಳೆಯಾಗಿ ಸುತ್ತಿ. ಕೈ ಜಾರಿದರೂ ಕಡ್ಡಿ ಒಳಗೆ ಬೀಳಬಾರದು. ಬಿದ್ದರೆ ಕ್ರೌನ್ ಹಲ್ಲಿಗೆ ಸಿಕ್ಕಿ ಆಗುವ ಖರ್ಚು ನಿಮಗೆ ಬೇಡ. ಕ್ರೌನ್‌ಗೆ ತಾಗದಂತೆ ಜಾಗ ನೋಡಿ ಇಳಿಸಿ.

ಆಯಿಲ್ ಹಾಕುವಾಗ ಕೊನೆಯ ಅರ್ಧ ಲೀಟರ್ ಬಂದಾಗ ಆತುರ ಬೇಡ. 100 ಎಂಎಲ್ ಹಾಕಿ, ಐದು ನಿಮಿಷ ಬಿಟ್ಟು, ಕಡ್ಡಿ ಇಳಿಸಿ, ಆಯಿಲ್ ಹತ್ತಿದ ಜಾಗಕ್ಕೆ ಅರದಿಂದ ಗೆರೆ ಎಳೆಯಿರಿ. ಮತ್ತೆ 100 ಎಂಎಲ್, ಮತ್ತೊಂದು ಗೆರೆ. ಆಗ ಮುಂದೆ ಎಂದಾದರೂ ಮಟ್ಟ ಎರಡು ಗೆರೆ ಇಳಿದಿದೆ ಅಂದರೆ 200 ಎಂಎಲ್ ಬೇಕು ಅಂತ ನೇರವಾಗಿ ಗೊತ್ತಾಗುತ್ತದೆ. ಬೆರಳಿನಿಂದ ಈ ಮಾತು ಹೊರಡಿಸಲು ಆಗುವುದಿಲ್ಲ. ಮಟ್ಟ ತೂತಿನ ಅಂಚಿಗಿಂತ ಮೇಲೇ ಇರಬೇಕಾದ ಗಾಡಿಯಲ್ಲಿ ಪ್ಲಗ್ ಬಿಚ್ಚಿದರೆ ಆಯಿಲ್ ಸುರಿಯುತ್ತದಲ್ಲ, ಅಲ್ಲಿ ತಂತಿಯನ್ನು ಬ್ರೀದರ್ ತೂತಿನಿಂದ ಇಳಿಸುವ ಹಾಗೆ ಮಾಡಿಕೊಳ್ಳಬೇಕು. ಎಲ್ಲ ಹೌಸಿಂಗ್‌ನಲ್ಲೂ ಬ್ರೀದರ್‌ನಿಂದ ಕೆಳಗೆ ನೇರ ದಾರಿ ಇರುವುದಿಲ್ಲ, ಮೊದಲು ನೋಡಿಕೊಳ್ಳಿ.

ತಂತಿಯ ದೋಷ ಒಂದೇ. ಅದು ಆ ಗಾಡಿಗೆ, ಆ ಕೋನಕ್ಕೆ ಮಾತ್ರ. ಪ್ಲೇಟ್ ಬದಲಿಸಿದರೆ ತಂತಿಯನ್ನೂ ಎಸೆಯಬೇಕು. ಬೇರೆಯವರ ಗಾಡಿಯ ತಂತಿ ಇಸಿದುಕೊಳ್ಳುವುದಂತೂ ಬೇಡವೇ ಬೇಡ.

ಗಾಜಿನ ಕಿಂಡಿ ಇರುವ ಕವರ್

ಆಯಿಲ್ ಹೊರಗಿನಿಂದಲೇ ಕಾಣುವ ಕಿಂಡಿ, ಅಥವಾ ಡಿಪ್‌ಸ್ಟಿಕ್ ಇರುವ ಅಲ್ಯೂಮಿನಿಯಂ ಕವರ್ ಆನ್‌ಲೈನ್‌ನಲ್ಲಿ ಸಿಗುತ್ತವೆ. ನೋಡಲು ಚೆಂದ, ಬೆಲೆ ಜಾಸ್ತಿ. ನಮ್ಮ ರಸ್ತೆಗೆ ನಾನು ಶಿಫಾರಸು ಮಾಡುವುದಿಲ್ಲ. ಕಲ್ಲಿನ ಖಣಿಯ ದಾರಿಯಲ್ಲಿ ಕಿಂಡಿಗೆ ಒಂದು ಚೂರು ಸಿಡಿದರೆ ಆಯಿಲ್ ಎಲ್ಲ ರಸ್ತೆ ಪಾಲು. ಕೆಸರು ಮೆತ್ತಿದರೆ ಕಿಂಡಿಯೂ ಕಾಣುವುದಿಲ್ಲ, ಒರೆಸಲು ಹೇಗೂ ಕೆಳಗೆ ತೂರಲೇಬೇಕು. ಜೊತೆಗೆ ಕಿಂಡಿಯ ಗುರುತೂ ಹೌಸಿಂಗ್ ಇಂತಿಷ್ಟು ಕೋನದಲ್ಲಿದೆ ಅಂತ ನಂಬಿ ಹಾಕಿದ್ದೇ, ತಿರುಗಿದರೆ ಅದೂ ತೂತಿನ ಹಾಗೇ ಸುಳ್ಳು ಹೇಳುತ್ತದೆ.

ನೀರು, ಬ್ರೀದರ್, ಆಯಿಲ್ ನಂಬರ್

ಮಟ್ಟ ಕಡಿಮೆ ಆದರೆ ಎಲ್ಲರೂ ಹೆದರುತ್ತಾರೆ, ಜಾಸ್ತಿ ಆದರೆ ಯಾರೂ ಕೇಳುವುದಿಲ್ಲ. ತಂತಿಯ ಮೇಲೆ ಆಯಿಲ್ ಮಟ್ಟ ತಾನಾಗಿ ಏರಿದ್ದರೆ ನೀರು ಒಳಗೆ ಹೋಗಿದೆ ಅಂತಲೇ ತಿಳಿಯಿರಿ. ಓಡಿ ಬಿಸಿಯಾದ ಹೌಸಿಂಗ್ ಹಳ್ಳದ ನೀರಿಗೆ ಇಳಿದಾಗ ಒಳಗಿನ ಗಾಳಿ ಒಮ್ಮೆಲೇ ತಣ್ಣಗಾಗಿ ಕುಗ್ಗುತ್ತದೆ, ಬ್ರೀದರ್‌ನಿಂದ, ಸೀಲ್ ಸಂದಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಭೀಮಾ, ಕಾಗಿಣಾ ತುಂಬಿ ಸೇತುವೆ ಮುಳುಗಿದಾಗ ದಾಟಬಾರದು ಅನ್ನುವುದು ಬೇರೆ ಮಾತು. ಹೊಲದ ದಾರಿಯ ಸಣ್ಣ ಹಳ್ಳಕ್ಕೂ, ಶಹಾಪುರ ಸುರಪುರ ಕಡೆಯ ಭತ್ತದ ಗದ್ದೆಯ ಕೆಸರಿಗೂ ಇದೇ ಆಗುತ್ತದೆ. ಅನುಮಾನ ಇದ್ದರೆ ಗಾಡಿಯನ್ನು ಒಂದು ರಾತ್ರಿ ನಿಲ್ಲಿಸಿ, ಬೆಳಗ್ಗೆ ಡ್ರೈನ್ ಪ್ಲಗ್ ಸ್ವಲ್ಪ ಸಡಿಲಿಸಿ. ನೀರು ಆಯಿಲ್‌ಗಿಂತ ಭಾರ, ಮೊದಲು ಅದೇ ಬರುತ್ತದೆ. ಬಂದರೆ ಇಡೀ ಆಯಿಲ್ ಬದಲಿಸಿ.

ಬ್ರೀದರ್ ಎರೆ ಮಣ್ಣಿನಿಂದ ಕಟ್ಟಿಕೊಂಡರೆ ಒಳಗಿನ ಬಿಸಿ ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲ, ಅದು ಸೀಲ್ ಮೂಲಕ ಆಯಿಲನ್ನೇ ನೂಕುತ್ತದೆ. ಸೀಲ್ ಮೇಲೆ ಸೀಲ್ ಬದಲಿಸುವವರು ಒಮ್ಮೆ ಬ್ರೀದರ್ ಊದಿ ನೋಡಿ. ಎತ್ತರ ಮಾಡಿದ ಗಾಡಿಗೆ ಅದರ ಹಳೆಯ ರಬ್ಬರ್ ಪೈಪ್ ಗಿಡ್ಡವಾಗಿ ಕಿತ್ತುಬಂದಿರುವುದೂ ಉಂಟು. ಉದ್ದದ ಪೈಪ್ ಹಾಕಿ ಬಾಡಿವರೆಗೆ ಮೇಲೆ ಒಯ್ದರೆ ಹಳ್ಳದ ಭಯ ಅರ್ಧ ಕಡಿಮೆ.

ಆಯಿಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ರೌನ್ ಪಿನಿಯನ್‌ಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯದು ಬೇಕು. ಗೇರ್‌ಬಾಕ್ಸ್‌ಗೆ ತಂದು ಉಳಿದ ಜಿಎಲ್-4 ಸುರಿಯಬೇಡಿ. 90 ನಂಬರೋ 140 ನಂಬರೋ (ಆಯಿಲ್ ಎಷ್ಟು ಗಟ್ಟಿ ಅನ್ನುವ ಅಂಕಿ) ಅನ್ನುವುದಕ್ಕೆ ಪುಸ್ತಕ ನೋಡಿ. ಬಿಸಿಲು ಜಾಸ್ತಿ, ಲೋಡೂ ಜಾಸ್ತಿ ಅಂದರೆ ಹಲವು ಪುಸ್ತಕಗಳೇ ಗಟ್ಟಿ ಆಯಿಲ್‌ಗೆ ಒಪ್ಪಿಗೆ ಕೊಟ್ಟಿರುತ್ತವೆ. ಲಿಮಿಟೆಡ್ ಸ್ಲಿಪ್ (ಒಂದು ಗಾಲಿ ಜಾರಿದಾಗ ಇನ್ನೊಂದಕ್ಕೂ ಬಲ ಕೊಡುವ ವ್ಯವಸ್ಥೆ) ಇರುವ ಡಿಫರೆನ್ಷಿಯಲ್‌ಗೆ ಅದಕ್ಕೆಂದೇ ಹೇಳಿದ ಆಯಿಲ್ಲೇ ಹಾಕಬೇಕು. ಫೋರ್ ಬೈ ಫೋರ್ ಇದ್ದರೆ ಮುಂದಿನ ಡಿಫರೆನ್ಷಿಯಲ್ ಮರೆಯಬೇಡಿ, ಅದಕ್ಕೂ ಬೇರೆ ತೂತು, ಬೇರೆ ಲೀಟರ್, ಬೇರೆ ತಂತಿ.

ಯಾರಿಗೆ ಯಾವುದು

ಟೈರ್ ಮಾತ್ರ ದೊಡ್ಡದು, ಅಥವಾ ಎರಡು ಪಟ್ಟಿ ಜಾಸ್ತಿ, ಅಷ್ಟೇ ಅನ್ನುವವರು ಬೆರಳಿನಲ್ಲೇ ನೋಡಿ. ಎಂಜಿನ್ ಆಯಿಲ್ ಬದಲಿಸುವಾಗಲೆಲ್ಲ ನೋಡಿದರೆ ಸಾಕು. ಕಬ್ಬು, ಕಲ್ಲು ಹೇರುವವರು ಇನ್ನೂ ಬೇಗ ನೋಡುವುದು ಒಳ್ಳೆಯದು.

ಟೇಪರ್ ಪ್ಲೇಟ್ ಕೂತಿದೆ, ಅಥವಾ ಕಾಯಿಲ್ ಸ್ಪ್ರಿಂಗ್ ಗಾಡಿಗೆ ಲಿಫ್ಟ್ ಕಿಟ್ ಹಾಕಿ ಕೋನ 3 ಡಿಗ್ರಿ ದಾಟಿದೆ ಅಂದರೆ ಇಳಿಸಿ ಅಳೆಯಿರಿ, ತಂತಿ ಮಾಡಿಕೊಳ್ಳಿ. ಈ ಒಂದು ದಿನದ ಕೆಲಸವನ್ನು ಗ್ಯಾರೇಜಿಗೆ ಬಿಟ್ಟರೆ ನೀವೂ ಅಲ್ಲೇ ಇರಿ. ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಾಗಲಿ, ಹೆದ್ದಾರಿ 65ರ ಪಕ್ಕ ಬಸವಕಲ್ಯಾಣದ ಬಂಗ್ಲಾ ಕಡೆಯಲ್ಲಾಗಲಿ ಕೈ ಪಳಗಿದ ಮಿಸ್ತ್ರಿಗಳಿಗೆ ಕೊರತೆ ಇಲ್ಲ. ಅವರಿಗೆ ಕ್ರೌನ್ ಪಿನಿಯನ್ ಕೂರಿಸುವುದು ನಿಮಗಿಂತ ನನಗಿಂತ ಚೆನ್ನಾಗಿ ಗೊತ್ತು. ಆದರೆ ಅವರ ದಿನಕ್ಕೆ ಹತ್ತು ಗಾಡಿ, ನಿಮ್ಮದು ಒಂದೇ. “ಉಸ್ತಾದ್, ಇಳಿದದ್ದು ಅಳೀರಿ, ಹಾಕಿದ್ದೂ ಅಳೀರಿ” ಅಂತ ಮೊದಲೇ ಹೇಳಿದರೆ ಯಾರೂ ಬೇಡ ಅನ್ನುವುದಿಲ್ಲ.

ಇನ್ನು ಕಾನೂನಿನ ಮಾತು. ಗಾಡಿಯ ಮೂಲ ವಿವರಗಳನ್ನು ಬದಲಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಡಿವಾಣ ಹಾಕಿದೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ಹಾಕಿಸುವ ಮೊದಲು ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಳ್ಳಿ, ವಿಮೆಯ ಹೊತ್ತಿಗೆ ಕೇಳಿಕೊಳ್ಳುವುದಕ್ಕಿಂತ ಅದು ಅಗ್ಗ.

ಬೇರೆ ಗಾಡಿಯ ಹೌಸಿಂಗ್ ಕೂರಿಸುವವರದು ಎಲ್ಲಕ್ಕಿಂತ ಕಷ್ಟದ ಲೆಕ್ಕ, ಆದರೆ ಅವರಿಗೆ ಒಂದು ಒಳ್ಳೆಯ ಅವಕಾಶವೂ ಇದೆ. ಗುಜರಿಯಿಂದ ತಂದ ಹೌಸಿಂಗ್ ಇನ್ನೂ ನೆಲದ ಮೇಲೆ ಇರುವಾಗಲೇ ಅಳತೆ ಮುಗಿಸಿಬಿಡಿ. ನಿಮ್ಮ ಗಾಡಿಯ ಪುಸ್ತಕ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಆ ಹೌಸಿಂಗ್ ಬಂದ ಮಾಡೆಲ್‌ನ ಗಾಡಿ ಒಂದು ಎಲ್ಲಾದರೂ ನಿಂತಿರುತ್ತದೆ, ಅದರ ಪಿನಿಯನ್ ಕೋನವನ್ನು ಮೊಬೈಲ್‌ನಲ್ಲಿ ನೋಡಿ ಬನ್ನಿ. ನೆಲದ ಮೇಲಿನ ಹೌಸಿಂಗನ್ನು ದಿಮ್ಮಿ ಕೊಟ್ಟು ಅದೇ ಕೋನಕ್ಕೆ ನಿಲ್ಲಿಸಿ, ಎಕ್ಸೆಲ್ ಶಾಫ್ಟ್, ಸೀಲ್ ಎಲ್ಲ ಹಾಕಿದ ಮೇಲೆ, ಅದರ ಸ್ವಂತ ತೂತಿನ ಅಂಚಿನವರೆಗೆ ಆಯಿಲ್ ತುಂಬಿ. ಎಷ್ಟು ಹಿಡಿಯಿತು ಅಂತ ಬರೆದುಕೊಳ್ಳಿ. ಗಾಡಿಗೆ ಕೂರಿಸಿದ ಮೇಲೆ ಕೋನ 6 ಡಿಗ್ರಿಯೊಳಗೆ ಎಷ್ಟೇ ಬದಲಾಗಲಿ, ಹಾಕಬೇಕಾದದ್ದು ಅಷ್ಟೇ ಲೀಟರ್. ಆ ಅಂಕಿಯನ್ನು ಹೌಸಿಂಗ್ ಮೇಲೆ ಪೇಂಟಿನಿಂದ ಬರೆದರೆ ಒಂದು ಮಳೆಗಾಲಕ್ಕೆ ಕೆಸರು ತಿಂದು ಹಾಕುತ್ತದೆ. ಡ್ರೈವರ್ ಬಾಗಿಲಿನ ಒಳಗಡೆ ಬರೆಯಿರಿ, ತಂತಿಯನ್ನೂ ಅಲ್ಲೇ ಕಟ್ಟಿ.